ಕಿವುಡು ಮೈಕು

ಮೈಕು ಕೊಳ್ಳುವುದು ಹೇಗೆಂದು ಹೇಳಿಕೊಡುವ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಫೋನಿನ ತುಂಬ ಅವರೇ. ಬೆನ್ನ ಹಿಂದೆ ಒಂದು ನೀಲಿ ದೀಪ, ತಲೆಗೊಂದು ಟೋಪಿ, ಕೈಯಲ್ಲೊಂದು ಡಬ್ಬಿ. ಹತ್ತು ನಿಮಿಷ ಡಬ್ಬಿ ಬಿಚ್ಚುತ್ತಾರೆ, ಎರಡು ನಿಮಿಷ ಅದರೊಳಗಿನ ಮೈಕಿನಲ್ಲಿ ಮಾತಾಡುತ್ತಾರೆ, ಕೊನೆಗೆ ನಿಮ್ಮ ಅಗತ್ಯಕ್ಕೆ ತಕ್ಕದ್ದನ್ನು ನೀವೇ ಆರಿಸಿಕೊಳ್ಳಿ ಎಂದು ಹೇಳಿ ಎದ್ದು ಹೋಗುತ್ತಾರೆ. ನನ್ನ ಅಗತ್ಯ ಏನೆಂದು ನನಗೇ ಗೊತ್ತಿದ್ದರೆ ಬೆಳಗೆದ್ದು ಇವರ ಮುಖ ಯಾಕೆ ನೋಡುತ್ತಿದ್ದೆ?

ನಾನು ಇಪ್ಪತ್ತೆರಡು ವರ್ಷ ಪುಣೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸಿದವಳು. ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದು, ಒಂದು ಜೂನ್ ತಿಂಗಳಲ್ಲಿ ಕನ್ನಡ ವಿಭಾಗಕ್ಕೆ ಬೀಗ ಬಿತ್ತು. ಬೀಳ್ಕೊಡುಗೆಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ಗೋಡೆಗೆ ಹಾಕದೆ ಮಂಚದ ಕೆಳಗೆ ತಳ್ಳಿ, ಅದೇ ಊರಿನ ನಿಗಡಿಯ ನಮ್ಮ ಮನೆಯಲ್ಲಿ ಎರಡು ವರ್ಷ ಸುಮ್ಮನೆ ಕೂತೆ. ಸುಮ್ಮನೆ ಎಂದರೆ ಬಾಯಿ ಮುಚ್ಚಿಕೊಂಡು ಅಲ್ಲ.

ಆಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಜಾಹೀರಾತು ಕಳಿಸಿದಳು. ಪುಣೆಯ ಇನ್ನೊಂದು ತುದಿಯ ಖರಾಡಿಯಲ್ಲಿ ಒಂದು ಆಫೀಸು. ಕಾರ್ಖಾನೆಗೆ ಹೊಸದಾಗಿ ಸೇರುವ ಕೆಲಸಗಾರರಿಗೆ ಫೋನಿನಲ್ಲಿ ಕೇಳುವ ಪಾಠಗಳನ್ನು ಹಲವು ಭಾಷೆಗಳಲ್ಲಿ ಮಾಡುತ್ತಾರೆ. ಕನ್ನಡಕ್ಕೆ ಒಂದು ಧ್ವನಿ ಬೇಕು. ಒಟ್ಟು ನಲವತ್ತು ಪಾಠ, ಮನೆಯಲ್ಲೇ ಕೂತು ಓದಿ ಕಳಿಸಬಹುದು. ಹದಿನೈದು ದಿನದಲ್ಲಿ, ಹನ್ನೊಂದನೇ ತಾರೀಖಿನೊಳಗೆ, ಮಾದರಿಗೆಂದು ಮೊದಲ ಪಾಠದ ಒಂದು ಪುಟ ಓದಿ ಕಳಿಸಬೇಕು. ಜೊತೆಗೆ ನೀವು ಓದುವ ಕೋಣೆಯ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ ಕಳಿಸಬೇಕು. ಫ್ಯಾನು, ರಸ್ತೆ, ಗೋಡೆಯಾಚೆಯ ಗುಂಯ್ ಸದ್ದು ಎಲ್ಲ ಅದರಲ್ಲಿ ಇರುತ್ತದಂತೆ, ಅದನ್ನು ನೋಡಿಕೊಂಡು ಓದಿನಿಂದ ಆ ಸದ್ದನ್ನು ಕಳೆಯುತ್ತಾರಂತೆ.

ಆ ನಲವತ್ತು ಪಾಠ ನನಗೆ ಬೇಕಿತ್ತು. ದುಡ್ಡಿಗಲ್ಲ ಎಂದರೆ ಸುಳ್ಳು, ಬರೀ ದುಡ್ಡಿಗೆ ಎಂದರೂ ಸುಳ್ಳು. ನನ್ನ ಹತ್ತಿರ ಇದ್ದದ್ದು ಒಂದು ಗಂಟಲು. ಪ್ರಾರ್ಥನೆಯ ಹೊತ್ತಿಗೆ ಮೈಕಿಲ್ಲದೆ ಇಡೀ ಮೈದಾನಕ್ಕೆ ಕೇಳಿಸುತ್ತಿದ್ದ ಗಂಟಲು. ಎರಡು ವರ್ಷದಿಂದ ಅದನ್ನು ಮನೆಯವರನ್ನು ಬೈಯಲು ಮಾತ್ರ ಬಳಸುತ್ತಿದ್ದೆ. ಅದು ಇನ್ನೂ ಯಾವುದಕ್ಕಾದರೂ ಬರುತ್ತದೆಯೇ ಎಂದು ನನಗೆ ತಿಳಿಯಬೇಕಿತ್ತು.

ಮೈಕಿನ ವಿಷಯ ಎತ್ತಿದ್ದೇ ತಡ, ನನ್ನ ಗಂಡ ಅದನ್ನು ತಮ್ಮ ಸ್ವಂತ ಆಸ್ತಿ ಮಾಡಿಕೊಂಡರು. ಅವರು ಚಿಂಚವಡದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಒಂದು ಬೋಲ್ಟನ್ನು ವಾಪಸು ಕಳಿಸುವ ಮನುಷ್ಯ. ಅಂಥವರಿಗೆ ಮೈಕಿನ ಡಬ್ಬಿಯ ಮೇಲಿನ ಅಂಕಿಗಳು ಸಿಕ್ಕರೆ ಕೇಳಬೇಕೆ? ಮೂರು ಸಂಜೆ ಸೋಫಾದ ಮೇಲೆ ಕಾಲು ಚಾಚಿ ವೀಡಿಯೊ ನೋಡಿದರು. ನಾನು ಏನು ಕೇಳಿದರೂ ಒಂದೇ ಉತ್ತರ, "ನೀ ಸುಮ್ಮ ಕುಂದರ, ನಾ ನೋಡಾಕತ್ತೇನಿ." ನಾಲ್ಕನೆಯ ದಿನ ತೀರ್ಪು ಬಂತು.

"ಕಂಡೆನ್ಸರ್ ಮೈಕ ತಗೋಬೇಕು. ಸ್ಟುಡಿಯೋದವ್ರು ಅದನ್ನ ಇಟ್ಟಿರ್ತಾರ. ಭಾಳ ಸೂಕ್ಷ್ಮ. ಸೂಜಿ ಬಿದ್ರೂ ಕೇಳ್ತದ."

"ನನಗ ಸೂಜಿ ಕೇಳ್ಸಿ ಏನ್ರಿ ಆಗಬೇಕಾಗೇದ? ನನ್ನ ದನಿ ಕೇಳಿದ್ರ ಸಾಕು."

"ಅದಕ್ಕ ಅಂದೆ ಸುಮ್ಮ ಕುಂದರ ಅಂತ."

ಶನಿವಾರದ ದಿನ ಪುಣೆಯ ಬುಧವಾರ ಪೇಠೆ ಎಂಬ ಪೇಟೆಯ ತಪಕೀರ ಗಲ್ಲಿಗೆ ಹೋದೆವು. ಆ ಗಲ್ಲಿಯಲ್ಲಿ ವಿದ್ಯುತ್ತಿನಿಂದ ನಡೆಯುವ ಸಕಲ ವಸ್ತುವೂ ಸಿಗುತ್ತದೆ, ಸ್ಕೂಟರ್ ನಿಲ್ಲಿಸಲು ಜಾಗ ಮಾತ್ರ ಸಿಗುವುದಿಲ್ಲ. ಅದಕ್ಕೇ ಅರ್ಧ ಗಂಟೆ ಜಗಳವಾಡಿ, ಮಾತು ಬಿಟ್ಟು, ಒಬ್ಬರ ಹಿಂದೊಬ್ಬರು ನಡೆಯುತ್ತ ಅಂಗಡಿ ಸೇರಿದೆವು. ನಾಲ್ಕು ಜನ ನಿಂತರೆ ಐದನೆಯವರು ಬೀದಿಯಲ್ಲಿ ನಿಲ್ಲಬೇಕಾದಂಥ ಅಂಗಡಿ. ದುಡ್ಡಿನ ಗಲ್ಲೆಯ ಹಿಂದೆ ಎಪ್ಪತ್ತು ದಾಟಿದ ಮುದುಕರೊಬ್ಬರು ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಒಂದು ವಯರಿನ ತುದಿ ಬೆಸೆಯುತ್ತಿದ್ದರು.

ನನ್ನ ಗಂಡ, ಇವಳು ಪಾಠ ಓದಿ ರೆಕಾರ್ಡ್ ಮಾಡಲು ಎಂದು, ಕಂಡೆನ್ಸರಿನ ಹೆಸರು ಹೇಳಿದರು. ಮುದುಕರು ಬೆಸುಗೆಯಿಂದ ತಲೆ ಎತ್ತದೆ ಮರಾಠಿಯಲ್ಲಿ ನನ್ನನ್ನು ಕೇಳಿದರು, "ಕುಠೇ ಬಸೂನ ವಾಚಣಾರ, ವಹಿನಿ?" ಎಲ್ಲಿ ಕೂತು ಓದುತ್ತೀರಿ ಅತ್ತಿಗೆ ಎಂದು.

ಮನೆಯಲ್ಲಿ ಎಂದೆ. ಎಷ್ಟನೇ ಮಹಡಿ ಎಂದರು. ಎರಡನೆಯದು. ರಸ್ತೆ ಎಷ್ಟು ದೂರ? ಕಿಟಕಿ ತೆಗೆದರೆ ಹೈವೇ. ಮನೆಯಲ್ಲಿ ಯಾರಿದ್ದಾರೆ? ಗಂಡ, ಅತ್ತೆ. ಅತ್ತೆ ಟಿವಿ ನೋಡುತ್ತಾರೋ? ನೋಡದೆ ಏನು. ಇಷ್ಟು ಕೇಳಿ ಬೆಸುಗೆ ಕಡ್ಡಿಯನ್ನು ಬದಿಗಿಟ್ಟು, ಕೆಳಗಿನ ಖಾನೆಯಿಂದ ಕಪ್ಪನೆಯ, ಗಿಡ್ಡನೆಯ, ಧೂಳು ಹಿಡಿದ ಒಂದು ಮೈಕನ್ನು ತೆಗೆದರು. ಕೈಗೆ ಕೊಟ್ಟರು. ಅಡುಗೆಮನೆಯ ಕುಟ್ಟಾಣಿಯ ಹಾಗೆ ಭಾರವಾಗಿತ್ತು.

"ಹಾ ಬಹಿರಾ ಆಹೇ," ಎಂದರು. ಇದು ಕಿವುಡು. ಬಾಯಿಯಿಂದ ನಾಲ್ಕು ಬೆರಳು ದೂರದಲ್ಲಿ ಹೇಳಿದ್ದು ಮಾತ್ರ ಇದಕ್ಕೆ ಕೇಳಿಸುತ್ತದೆ, ಹೈವೇ ಕೇಳಿಸುವುದಿಲ್ಲ, ಅತ್ತೆಯ ಟಿವಿಯೂ ಕೇಳಿಸುವುದಿಲ್ಲ. ಕಂಡೆನ್ಸರು ಒಳ್ಳೆಯದೇ, ಆದರೆ ಅದಕ್ಕೆ ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆ ಬೇಕು. ಹೊಸದಾಗಿ ಶುರುಮಾಡುವವರು ಕಿವುಡನನ್ನು ಇಟ್ಟುಕೊಂಡರೆ ಬದುಕುತ್ತಾರೆ.

ಇಲ್ಲಿ ಪುಣೆಯ ಕನ್ನಡಿಗರಾದ ನಮ್ಮ ಒಂದು ಕೆಟ್ಟ ಚಟದ ಬಗ್ಗೆ ಹೇಳಬೇಕು. ನಾವು ಎದುರಿಗಿರುವವರ ಬಗ್ಗೆ ಎದುರಿಗೇ ಕನ್ನಡದಲ್ಲಿ ಮಾತಾಡುತ್ತೇವೆ. ಲಿಫ್ಟಿನಲ್ಲಿ, ಕಾಯಿಪಲ್ಲೆಯ ಮಂಡಿಯಲ್ಲಿ, ಡಾಕ್ಟರ ಮುಂದೆ, ಮದುವೆಯ ಪಂಕ್ತಿಯಲ್ಲಿ. ಮುಖದ ಮೇಲೆ ನಗು ಇಟ್ಟುಕೊಂಡು, ಕಾಯಿಪಲ್ಲೆಯ ದರ ಮಾತಾಡುವ ದನಿಯಲ್ಲಿ, ಮೂರು ತಲೆಮಾರು ಉದ್ಧಾರವಾಗುವ ಹಾಗೆ ಬೈಯುತ್ತೇವೆ. ಮದುವೆಯಾಗಿ ಬಂದ ಹೊಸತರಲ್ಲಿ ಮರಾಠಿ ಬಾರದೆ ಕಂಗಾಲಾಗಿದ್ದ ನನಗೆ ಈ ವಿದ್ಯೆಯನ್ನು ಕಲಿಸಿದ್ದೇ ನನ್ನ ಗಂಡ. ಊರಿಗೆ ಹೋದಾಗ ಬಾಯಿಗೆ ಬೀಗ ಹಾಕಿಕೊಳ್ಳಬೇಕು ಎಂಬುದು ನೆನಪಾಗುವುದೇ ಕಷ್ಟ. ವಿಜಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಮರೆತು, ಪೆಟ್ಟು ತಿನ್ನುವುದೊಂದು ಬಾಕಿ ಉಳಿದಿತ್ತು.

ಗಂಡ ನಗುತ್ತ ನನಗೆ ಹೇಳಿದರು, "ಹಳೇ ಮಾಲ ಖರ್ಚಾಗವಲ್ದು. ಅದಕ್ಕ ನಮಗ ಕಟ್ಟಾಕತ್ತಾನ ಮುದುಕ."

ನಾನೂ ನಕ್ಕೆ. "ಧೂಳ ನೋಡ್ರಿ ಅದರ ಮ್ಯಾಲ. ಈ ಮನಶಾನಷ್ಟ ವಯಸ್ಸಾಗಿರಬೇಕು ಅದಕ್ಕೂ. ತಾನೂ ಕಿವುಡ, ತನ್ನ ಮೈಕೂ ಕಿವುಡ."

ಜಗಳವಾಡಿ ಮಾತು ಬಿಟ್ಟಿದ್ದ ನಾವಿಬ್ಬರು ಆ ಮುದುಕರನ್ನು ಬೈಯುವ ಸಲುವಾಗಿ ರಾಜಿಯಾದೆವು. ಇಂಥ ರಾಜಿಗಳು ನಮ್ಮ ಸಂಸಾರದಲ್ಲಿ ಬಹಳ ಆಗಿವೆ. ಮುದುಕರು ಒಮ್ಮೆ ಇವರ ಮುಖ, ಒಮ್ಮೆ ನನ್ನ ಮುಖ ನೋಡಿ, ಕಿವುಡು ಮೈಕನ್ನು ಒರೆಸಿ ಖಾನೆಗೆ ವಾಪಸು ಇಟ್ಟು, ಕಂಡೆನ್ಸರಿನ ಡಬ್ಬಿ ಕಟ್ಟಿಕೊಟ್ಟರು.

ಅದು ನೋಡಲು ಚೆಂದ ಇತ್ತು, ಅದನ್ನು ಒಪ್ಪುತ್ತೇನೆ. ಬೆಳ್ಳಿಯ ಬಣ್ಣ, ನಾಲ್ಕು ರಬ್ಬರಿನ ಎಳೆಗಳಲ್ಲಿ ತೂಗುವ ತೊಟ್ಟಿಲಿನಂಥ ಹಿಡಿಕೆ. ಮಲಗುವ ಕೋಣೆಯ ಮೇಜಿನ ಮೇಲೆ ನಿಲ್ಲಿಸಿ, ಕಂಪ್ಯೂಟರಿಗೆ ಜೋಡಿಸಿ, ಹೆಡ್‌ಫೋನ್ ಕಿವಿಗೆ ಹಾಕಿಕೊಂಡೆ. ಆ ಕ್ಷಣದವರೆಗೆ ನಾನು ಯಾವ ಮನೆಯಲ್ಲಿ ಬದುಕುತ್ತಿದ್ದೇನೆಂದು ನನಗೆ ತಿಳಿದಿರಲಿಲ್ಲ. ಹೈವೇಯ ಲಾರಿಗಳು ನನ್ನ ಎದೆಯ ಮೇಲೆ ಹಾದುಹೋದವು. ಕಿಟಕಿಯ ಜಾಲರಿಯ ಆಚೆ ಪಾರಿವಾಳಗಳು ಗುಟುರು ಹಾಕಿದವು. ಮೇಲಿನ ಮನೆಯವರು ಮಿಕ್ಸರಿನಲ್ಲಿ ಶೇಂಗಾ ಪುಡಿ ಮಾಡಿದರು. ಲಿಫ್ಟಿನೊಳಗಿನ ಹೆಂಗಸು ದಯವಿಟ್ಟು ಬಾಗಿಲು ಮುಚ್ಚಿ ಎಂದು ಹಿಂದಿಯಲ್ಲಿ ಬೇಡಿಕೊಂಡಳು, ಬೇಡಿಕೊಳ್ಳುತ್ತಲೇ ಇದ್ದಳು, ಯಾರೂ ಮುಚ್ಚಲಿಲ್ಲ. ನಮ್ಮ ವಸತಿ ಸೊಸೈಟಿಯ ನೀರಿನ ಟ್ಯಾಂಕರು ಹಿಂದೆ ಹಿಂದೆ ಬರುತ್ತ ಪೀಂ ಪೀಂ ಎಂದಿತು. ಇವೆಲ್ಲದರ ನಡುವೆ ಎಲ್ಲೋ ನಾನೂ ಇದ್ದೆ.

ನಾನು ಯುದ್ಧಕ್ಕೆ ಇಳಿದೆ. ಊರಿಂದ ತಂದಿದ್ದ ಐದು ಕೌದಿಗಳನ್ನು ಹಗ್ಗ ಕಟ್ಟಿ ಸುತ್ತಲೂ ಇಳಿಬಿಟ್ಟೆ. ಮೇಲಿನ ಮನೆಗೆ ಹೋಗಿ ಮಿಕ್ಸರಿಗೆ ಹೊತ್ತು ಗೊತ್ತು ಇಲ್ಲವೇ ಎಂದು ಕೇಳಿ, ಹದಿನಾರು ವರ್ಷದ ಸ್ನೇಹ ಕೆಡಿಸಿಕೊಂಡು ಬಂದೆ. ಪಾರಿವಾಳಗಳಿಗೆ ಪೊರಕೆ ತೋರಿಸಿದೆ. ಟ್ಯಾಂಕರಿನವನೊಡನೆ ಬಾಲ್ಕನಿಯಿಂದಲೇ ಜಗಳವಾಡಿದೆ, ಅವನು ಮತ್ತೊಮ್ಮೆ ಹಿಂದೆ ಬಂದು ಪೀಂ ಎನ್ನಿಸಿದ. ಫ್ಯಾನು ಆರಿಸಿ, ಕೌದಿಗಳ ಗುಡಾರದೊಳಗೆ ಕೂತರೆ ಬೆವರು ಹಾಳೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಬಿದ್ದದ್ದು ಅತ್ತೆಯ ಮೇಲೆ. ಅವರು ಕೆಮ್ಮಿದರೆ ತಪ್ಪು, ಚಪ್ಪಲಿ ಎಳೆದರೆ ತಪ್ಪು, ದೇವರ ಮುಂದೆ ಗಂಟೆ ಬಾರಿಸಿದರೆ ತಪ್ಪು. ಒಂದು ಮಧ್ಯಾಹ್ನ ಪಾತ್ರೆ ಕೆಳಗೆ ಬಿತ್ತೆಂದು ನಾನು ಹೊರಬಂದು ಕೂಗಿದಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮನ್ಯಾಗ ಸಪ್ಪಳ ಮಾಡಬಾರದಂದ್ರ ನಾ ಎಲ್ಲಿಗೆ ಹೋಗ್ಲೆವಾ? ಸತ್ತ ಹೋಗ್ಲೇನು?" ಎಂದರು. "ಹನ್ನೊಂದನೇ ತಾರೀಖಿನ ತನಕ ಸುಮ್ಮ ಇರ್ರಿ, ಆಮ್ಯಾಲ ನೋಡೋಣಂತ," ಎಂದೆ. ಹೇಳಿದ ಮೇಲೆ ನನಗೂ ಅದು ಕೆಟ್ಟದ್ದಾಗಿ ಕೇಳಿಸಿತು, ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

ಈ ನಡುವೆ ಖರಾಡಿಯ ಆಫೀಸಿನಿಂದ ಫೋನು ಬಂತು. ಮೈಸೂರಿನ ಕಡೆಯ ಹುಡುಗಿ, ಇಪ್ಪತ್ತೈದು ಇಪ್ಪತ್ತಾರು ಇರಬೇಕು. ಕನ್ನಡ ಪಾಠಗಳ ಹೊಣೆ ಅವಳದಂತೆ. "ಹಲೋ ಮ್ಯಾಮ್, ಸ್ಯಾಂಪಲ್ ಯಾವಾಗ ಕಳಿಸ್ತೀರಾ? ಟೋನ್ ಸ್ವಲ್ಪ ಫ್ರೆಂಡ್ಲಿ ಆಗಿರ್ಲಿ. ಆಮೇಲೆ ರೂಮ್ ಟೋನ್ ಮರೀಬೇಡಿ, ಥರ್ಟಿ ಸೆಕೆಂಡ್ಸ್ ಸೈಲೆನ್ಸ್, ಓಕೆನಾ?" ಎಂದಳು. ಓಕೆ ಎಂದೆ. ಫೋನಿಟ್ಟ ಮೇಲೆ ಅವಳು ಆಡಿದ ಶಬ್ದಗಳಲ್ಲಿ ಕನ್ನಡದವು ಎಷ್ಟೆಂದು ಎಣಿಸುತ್ತ ಕೂತೆ. ಟೋನ್ ಫ್ರೆಂಡ್ಲಿ ಆಗಿರಲಿ ಎಂಬ ಮಾತು ಎರಡು ದಿನ ಚುಚ್ಚುತ್ತಿತ್ತು. ನನಗೆ ಓದಲು ಕಲಿಸುವಷ್ಟು ದೊಡ್ಡವಳಾದಳೇ ಇವಳು ಎಂದು.

ಹತ್ತನೆಯ ತಾರೀಖಿನ ಮಧ್ಯಾಹ್ನ ಕೊನೆಗೂ ಒಂದು ಓದು ಮುಗಿಯಿತು. "ನಮಸ್ಕಾರ. ಕಾರ್ಖಾನೆಯಲ್ಲಿ ಇದು ನಿಮ್ಮ ಮೊದಲ ದಿನ. ಹೆದರಬೇಡಿ, ನಾನು ನಿಮ್ಮ ಜೊತೆ ಇದ್ದೇನೆ," ಎಂದು ಶುರುವಾಗುವ ಪುಟ. ಒಂದಕ್ಷರ ತಪ್ಪಲಿಲ್ಲ, ಒಂದು ಮಹಾಪ್ರಾಣ ಬಿಡಲಿಲ್ಲ. ಉಳಿದದ್ದು ಮೌನ. ನಾನು ಒಳಗೇ ಕೂತರೆ ನನ್ನ ಉಸಿರು, ಬಳೆ, ಕುರ್ಚಿಯ ಕಿರುಗುಟ್ಟುವಿಕೆ ಅದರಲ್ಲಿ ಸೇರುತ್ತದೆ ಎನ್ನಿಸಿತು. ಮೈಕಿನ ಕಿವಿಯನ್ನು ಪೂರ್ತಿ ತೆರೆದು, ರೆಕಾರ್ಡಿಗೆ ಹಾಕಿ, ತುದಿಗಾಲಲ್ಲಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಬಹಳ ಜಾಣತನ ಮಾಡಿದೆನೆಂದು ಹಿಗ್ಗಿದೆ.

ಹೊರಗೆ ಸೋಫಾದ ಮೇಲೆ ಗಂಡ ಕೂತಿದ್ದರು. "ಆತೇನು?" ಎಂದರು.

ಹದಿನೈದು ದಿನದ ಸಿಟ್ಟು ಬಾಯಿಗೆ ಬಂತು. "ಆತು. ಇನ್ನ ಆ ಮಹಾರಾಣಿ ಒಪ್ಪಬೇಕಲಾ. ನೆಟ್ಟಗ ನಾಕು ಕನ್ನಡ ಶಬ್ದ ಆಡಾಕ ಬರೂದಿಲ್ಲ, ನನ್ನ ಕನ್ನಡ ತೂಗಾಕ ಕುಂತಾಳ. ಇಂಥಾಕಿನ್ನ ನಾ ಸಾಲ್ಯಾಗ ಬೆಂಚಿನ ಮ್ಯಾಲ ನಿಂದರಸ್ತಿದ್ದೆ."

"ಸಾವಕಾಶ ಮಾತಾಡ, ಬಾಜೂದವ್ರಿಗೆ ಕೇಳ್ತದ."

"ಕೇಳಿದ್ರ ಕೇಳ್ಲಿ. ಇಲ್ಲಿ ಯಾರಿಗೆ ತಿಳೀತದ ಕನ್ನಡ?"

ಒಳಗೆ ಹೋಗಿ ನಿಲ್ಲಿಸಿದೆ. ಪರದೆಯ ಮೇಲಿನ ಗೆರೆ ಹೆಚ್ಚು ಕಡಿಮೆ ಸಪಾಟಾಗಿತ್ತು, ಅಲ್ಲಲ್ಲಿ ಇರುವೆ ಹರಿದಷ್ಟು ನಡುಕ. ಮೌನವನ್ನು ಯಾರು ಕೂತು ಕೇಳುತ್ತಾರೆ? ನಾನಂತೂ ಕೇಳಲಿಲ್ಲ. ಎರಡೂ ಕಳಿಸಿಬಿಟ್ಟೆ.

ಮರುದಿನ ಹನ್ನೊಂದು ಗಂಟೆಗೆ ಅವಳೇ ಫೋನು ಮಾಡಿದಳು. ಹಲೋ ಮ್ಯಾಮ್ ಎನ್ನಲಿಲ್ಲ. "ನೀವು ಕಳಿಸಿದ ರೂಮ್ ಟೋನ್ ಕೇಳಿದೀರಾ?" ಎಂದಳು. ಇಲ್ಲ ಎಂದೆ. "ನಾವು ಅದನ್ನ ವಾಲ್ಯೂಮ್ ಜಾಸ್ತಿ ಮಾಡಿ ಕೇಳ್ತೀವಿ. ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಹತ್ತು ನಿಮಿಷ ಬಿಟ್ಟು ಮಾಡ್ತೀನಿ," ಎಂದು ಇಟ್ಟಳು.

ಕೇಳಿದೆ. ಬಾಗಿಲಾಚೆಯಿಂದ, ಕೌದಿಗಳಾಚೆಯಿಂದ, ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಮಹಾರಾಣಿ. ಬೆಂಚಿನ ಮೇಲೆ. ಇಲ್ಲಿ ಯಾರಿಗೆ ತಿಳೀತದ ಕನ್ನಡ. ಇಡೀ ಪುಣೆಯಲ್ಲಿ ಕನ್ನಡ ತಿಳಿಯುವುದೇ ಯಾರ ಕೆಲಸವೋ, ಅಂಥ ಒಬ್ಬಳಿಗೆ, ನಾನೇ ಕೈಯಾರೆ ಅದನ್ನು ಕಳಿಸಿದ್ದೆ. ಸೂಜಿ ಬಿದ್ದರೂ ಕೇಳುತ್ತದೆ ಎಂದಿದ್ದ ಮನುಷ್ಯ ಆಗ ಕಾರ್ಖಾನೆಯಲ್ಲಿದ್ದರು. ಎದುರಿಗಿದ್ದಿದ್ದರೆ ಆ ದಿನ ಏನಾಗುತ್ತಿತ್ತೋ ಗೊತ್ತಿಲ್ಲ.

ಅವಳು ಮತ್ತೆ ಫೋನು ಮಾಡಿದಾಗ ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ಬಿಡಲಿಲ್ಲ. "ಬೈದಿದ್ದು ಬಿಡಿ. ನನಗೆ ದಿನಾ ಯಾರಾದ್ರೂ ಬೈತಾರೆ. ವಿಷಯ ಏನಂದ್ರೆ ಮ್ಯಾಮ್, ನಿಮ್ಮ ಸ್ಯಾಂಪಲ್‌ನಲ್ಲೂ ಅದೇ ವಾಯ್ಸ್ ಇದೆ. ನಮಸ್ಕಾರ ಅಂತೀರ, ಬೈದ ಹಾಗೆ ಕೇಳುತ್ತೆ. ಮೊದಲನೇ ದಿನ ಕೆಲಸಕ್ಕೆ ಬಂದ ಹುಡುಗ ಅದನ್ನ ಕೇಳಿ ಮನೆಗೆ ವಾಪಸ್ ಹೋಗ್ತಾನೆ."

"ಅದು ಮೈಕಿನ ದೋಷ," ಎಂದೆ. ಎಂಥ ನಾಚಿಕೆಗೇಡಿನ ಮಾತು. "ಆ ಮೈಕು ಸರಿ ಇಲ್ಲ, ಗಂಡ ತಪ್ಪಾಗಿ ಆರಿಸಿದರು."

"ಸರಿ. ಶುಕ್ರವಾರದವರೆಗೆ ಟೈಮ್ ಕೊಡ್ತೀನಿ. ಮೈಕ್ ಬದಲಾಯಿಸಿ ಕಳಿಸಿ. ನೋಡೋಣ," ಎಂದಳು. ಅವಳಿಗೆ ಹಾಗೆ ಹೇಳುವ ಅಗತ್ಯವೇ ಇರಲಿಲ್ಲ. ಅದಕ್ಕೂ ನನಗೆ ಅವಳ ಮೇಲೆ ಸಿಟ್ಟೇ ಬಂತು, ಉಪಕಾರ ಮಾಡಿದಳಲ್ಲ ಎಂದು.

ಅಂದೇ ಒಬ್ಬಳೇ ತಪಕೀರ ಗಲ್ಲಿಗೆ ಹೋದೆ. ಬಸ್ಸಿನಲ್ಲಿ ಹೋದೆ, ಗಂಡನಿಗೆ ಹೇಳಲಿಲ್ಲ. ಮುದುಕರು ಅದೇ ಜಾಗದಲ್ಲಿ, ಬೇರೊಂದು ವಯರು ಬೆಸೆಯುತ್ತ ಕೂತಿದ್ದರು. ನನ್ನನ್ನು ನೋಡಿ, ನಾನು ಬಾಯಿ ತೆರೆಯುವ ಮೊದಲೇ, ಕೆಳಗಿನ ಖಾನೆಗೆ ಕೈಹಾಕಿ ಆ ಕಿವುಡು ಮೈಕನ್ನು ಗಲ್ಲೆಯ ಮೇಲಿಟ್ಟರು. ಬಂದೇ ಬರುತ್ತಾಳೆಂದು ಗೊತ್ತಿದ್ದವರ ಹಾಗೆ. ಅದೂ ನನಗೆ ಹಿಡಿಸಲಿಲ್ಲ.

"ಅವತ್ತು ನೀವಿಬ್ಬರೂ ನಗುತ್ತ ನಗುತ್ತ ನನ್ನನ್ನು ಬೈದಿರಿ," ಎಂದರು ಮರಾಠಿಯಲ್ಲಿ, ಸಿಟ್ಟಿಲ್ಲದೆ.

"ನಿಮಗೆ ಕನ್ನಡ ಬರುತ್ತದೆಯೇ, ಕಾಕಾ?"

"ಒಂದು ಅಕ್ಷರ ಬರುವುದಿಲ್ಲ. ನಲವತ್ತು ವರ್ಷದಿಂದ ಈ ಗಲ್ಲೆಯಲ್ಲಿ ಕೂತು ಜನ ಮೈಕಿನಲ್ಲಿ ಮಾತಾಡುವುದನ್ನು ಕೇಳುತ್ತಿದ್ದೇನೆ. ಏನು ಹೇಳಿದರೆಂದು ತಿಳಿಯದಿದ್ದರೂ ಹೇಗೆ ಹೇಳಿದರೆಂದು ತಿಳಿಯುತ್ತದೆ."

ಅವರು ಮೈಕಿಗೆ ವಯರು ಚುಚ್ಚಿ, ನನಗೆ ಹೆಡ್‌ಫೋನ್ ಕೊಟ್ಟು, ನಾಲ್ಕು ಬೆರಳನ್ನು ತಮ್ಮ ಬಾಯಿಯ ಮುಂದೆ ಅಡ್ಡ ಹಿಡಿದು ತೋರಿಸಿದರು. ಇಷ್ಟು ದೂರ. ಏನಾದರೂ ಓದಿ.

ಗಲ್ಲಿಯಲ್ಲಿ ಕೈಗಾಡಿಗಳು, ಹಾರ್ನು, ಎದುರಿನ ಅಂಗಡಿಯಲ್ಲಿ ಸ್ಪೀಕರು ಪರೀಕ್ಷಿಸುವವರ ಅಬ್ಬರ. ನಾನು ಬಾಯಿಪಾಠವಾಗಿದ್ದ ಆ ಪುಟ ಓದಿದೆ. ನಮಸ್ಕಾರ, ಕಾರ್ಖಾನೆಯಲ್ಲಿ ಇದು ನಿಮ್ಮ ಮೊದಲ ದಿನ. ಗಲ್ಲಿ ಮಾಯವಾಯಿತು. ಕೈಗಾಡಿ ಇಲ್ಲ, ಹಾರ್ನು ಇಲ್ಲ. ಕಿವಿಯೊಳಗೆ ನಾನೊಬ್ಬಳೇ, ಯಾವ ತಡೆಯೂ ಇಲ್ಲದೆ. ಅಡಗಿಕೊಳ್ಳಲು ಒಂದು ಪಾರಿವಾಳವೂ ಇರಲಿಲ್ಲ.

ಆಗ ಕೇಳಿಸಿತು. ಹೆದರಬೇಡಿ ಎಂದೆ, ಹೇಗೆ ಹೇಳಿದೆನೆಂದರೆ, ಹೆದರದವರೂ ಹೆದರಬೇಕು. ನಾನು ನಿಮ್ಮ ಜೊತೆ ಇದ್ದೇನೆ ಎಂದೆ. ನೋಡಿಕೊಳ್ಳುತ್ತೇನೆ ನಿಮ್ಮನ್ನು ಎಂದ ಹಾಗೆ. ಉಚ್ಚಾರ ಚೊಕ್ಕವಾಗಿತ್ತು. ಒಂದೊಂದು ಅಕ್ಷರವೂ ಬೆತ್ತ ಹಿಡಿದು ನಿಂತಿತ್ತು. ಈ ದನಿಯನ್ನೇ ನಾನು ಇಪ್ಪತ್ತೆರಡು ವರ್ಷ ಒಳ್ಳೆಯ ದನಿ ಎಂದುಕೊಂಡಿದ್ದೆ. ಈ ದನಿಯನ್ನೇ ಮಕ್ಕಳು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೇಳಿದ್ದರು, ಈಗ ಅತ್ತೆ ಅಡುಗೆಮನೆಯಲ್ಲಿ ಕೇಳುತ್ತಿದ್ದರು. ಹೆಡ್‌ಫೋನ್ ತೆಗೆದು ಗಲ್ಲೆಯ ಮೇಲಿಟ್ಟೆ.

"ಏನು ಹೇಳಿದಿರಿ?" ಎಂದು ಕೇಳಿದರು ಮುದುಕರು.

"ಹೆದರಬೇಡಿ ಎಂದೆ."

"ಅಸಂ?" ಎಂದರು. ಹೌದೇ ಎಂದು. ನಗಲಿಲ್ಲ, ಮೈಕನ್ನು ಒರೆಸಿ ಚೀಲಕ್ಕೆ ಹಾಕಿದರು.

ಮೂರು ದಿನ ಓದಿದೆ. ಕೌದಿಗಳನ್ನು ಇಳಿಸಿ ಮಡಚಿಟ್ಟೆ, ಫ್ಯಾನು ಹಾಕಿದೆ, ಅತ್ತೆಯವರಿಗೆ ಟಿವಿ ಹಚ್ಚಿಕೊಳ್ಳಲು ಹೇಳಿದೆ. "ಯಾಕ, ಬಿಟ್ಟೇನು ಓದೂದು?" ಎಂದರು ಅನುಮಾನದಿಂದ. ಬಿಟ್ಟಿಲ್ಲ, ಈ ಮೈಕಿಗೆ ಕೇಳಿಸುವುದಿಲ್ಲ ಎಂದೆ. ನಂಬದೆ, ದನಿ ಸಣ್ಣದು ಮಾಡಿಯೇ ನೋಡಿದರು. ಮುದುಕರು ಹೇಳಿದ್ದೆಲ್ಲ ನಿಜವಾಗಿತ್ತು. ಹೈವೇ ಇಲ್ಲ, ಲಿಫ್ಟಿನ ಹೆಂಗಸಿಲ್ಲ. ಈಗ ಜಗಳವಾಡಲು ನನಗೆ ಯಾರೂ ಉಳಿದಿರಲಿಲ್ಲ. ಮೃದುವಾಗಿ ಓದಲು ನೋಡಿದೆ, ಬೆಣ್ಣೆ ಹಚ್ಚಿದ ಹಾಗೆ ಕೇಳಿಸಿತು. ನಗುತ್ತ ಓದಿದೆ, ತಪಕೀರ ಗಲ್ಲಿಯಲ್ಲಿ ನಕ್ಕ ಹಾಗೆ ಕೇಳಿಸಿತು. ಅರವತ್ತು ಸಲವಾದರೂ ನಮಸ್ಕಾರ ಎಂದಿರಬೇಕು. ಒಂದು ಸಲವೂ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ ಎನ್ನಿಸಲಿಲ್ಲ. ಶುಕ್ರವಾರ ಸಾಕಾಗಿ, ಇದ್ದುದರಲ್ಲಿ ಕಡಿಮೆ ಕೆಟ್ಟದ್ದನ್ನು ಕಳಿಸಿದೆ. ಜೊತೆಗೆ ಅರ್ಧ ನಿಮಿಷದ ಮೌನ. ಈ ಸಲ ಕುರ್ಚಿಯಲ್ಲೇ ಕೂತು, ಬಾಯಿ ಮುಚ್ಚಿಕೊಂಡು ರೆಕಾರ್ಡ್ ಮಾಡಿದ್ದು.

ಸೋಮವಾರ ಫೋನು ಬಂತು. "ಸೌಂಡ್ ತುಂಬಾ ಕ್ಲೀನ್ ಇದೆ ಮ್ಯಾಮ್, ಒಳ್ಳೆ ಮೈಕ್ ತಗೊಂಡಿದೀರ," ಎಂದಳು. ಮೈಕನ್ನು ಹೊಗಳಿದಾಗಲೇ ನನ್ನ ಓದು ಹಿಡಿಸಿಲ್ಲವೆಂದು ತಿಳಿಯಿತು. "ಆದ್ರೆ ವೆಲ್‌ಕಮ್ ಪಾಠಗಳು ನಿಮ್ಮ ವಾಯ್ಸ್‌ಗೆ ಆಗಲ್ಲ. ನಲವತ್ತರಲ್ಲಿ ಹನ್ನೊಂದು ಡೇಂಜರ್ ಪಾಠಗಳಿವೆ. ಮಷೀನ್, ಕರೆಂಟ್, ಬೆಂಕಿ. ಅವನ್ನ ನೀವು ಮಾಡಿ. ನೀವು ಕೈ ಹಾಕಬೇಡಿ ಅಂದ್ರೆ ಯಾರೂ ಮಷೀನಿಗೆ ಕೈ ಹಾಕಲ್ಲ, ನಿಜವಾಗ್ಲೂ ಹೇಳ್ತೀನಿ."

ಫೋನು ಬಿಸಾಡಬೇಕೆನ್ನಿಸಿತು. "ಉಳಿದವು ಯಾರಿಗೆ?" ಎಂದೆ.

ಹಡಪಸರದಲ್ಲಿ ಒಬ್ಬ ಹುಡುಗಿ ಇದ್ದಾಳೆ, ಉಡುಪಿ ಕಡೆಯವಳು, ಅವರದೊಂದು ಹೋಟೆಲಿದೆ, ಗಲ್ಲೆಯಲ್ಲಿ ಅವಳೇ ಕೂರುತ್ತಾಳೆ ಎಂದಳು. ಈ ಕೆಲಸ ಅವಳಿಗೆ ಹೊಸದು.

"ಆಕೆಯ ಹತ್ತಿರ ಯಾವ ಮೈಕಿದೆ?"

"ಮೈಕೇ ಇಲ್ಲ ಮ್ಯಾಮ್. ಫೋನಲ್ಲೇ ಓದಿ ಕಳಿಸಿದ್ರು, ಹಿಂದೆ ತಟ್ಟೆ ಲೋಟ ಎಲ್ಲ ಕೇಳಿಸ್ತಿತ್ತು. ವಾಯ್ಸ್ ಇಷ್ಟ ಆಯ್ತು. ಆಫೀಸಿಗೇ ಕರೆಸಿ ರೆಕಾರ್ಡ್ ಮಾಡಿಸ್ತೀವಿ."

ನಾನು ಹೂಂ ಎಂದೆ. ಹನ್ನೊಂದು ಪಾಠಗಳನ್ನು ಒಪ್ಪಿಕೊಂಡೆ. ಯಂತ್ರ ತಿರುಗುತ್ತಿರುವಾಗ ಒಳಗೆ ಕೈ ಹಾಕಬೇಡಿ ಎಂದು ಒಂದೇ ಸಲಕ್ಕೆ ಓದಿದೆ, ಒಂದನ್ನೂ ತಿದ್ದುವಂತೆ ಆಫೀಸಿನ ಹುಡುಗಿ ಹೇಳಲಿಲ್ಲ. ಮನೆಯಲ್ಲಿ ಗಂಡ ಎಲ್ಲರಿಗೂ ಸಿಹಿ ಹಂಚಿದರು. ಕಂಡೆನ್ಸರ್ ಈಗ ಡಬ್ಬಿಯಲ್ಲಿದೆ, ಅದರ ಬಗ್ಗೆ ಇಬ್ಬರೂ ಮಾತಾಡುವುದಿಲ್ಲ.

ಎರಡು ತಿಂಗಳ ನಂತರ ಎಲ್ಲ ಪಾಠಗಳೂ ಮುಗಿದು, ಆಫೀಸಿನವರು ಕೇಳಲೆಂದು ಕಳಿಸಿದರು. ನಾನು ನನ್ನವನ್ನು ಬಿಟ್ಟು ಆ ಹೋಟೆಲಿನ ಹುಡುಗಿಯ ಮೊದಲ ಪಾಠ ಹಾಕಿದೆ. ತಪ್ಪು ಹುಡುಕಲೆಂದೇ ಪೆನ್ನು ಹಿಡಿದು ಕೂತೆ. ಒಂದು ಕಡೆ ಒತ್ತಕ್ಷರ ಸಡಿಲವಾಗಿತ್ತು. ಒಂದು ಕಡೆ ಉಸಿರು ಕೇಳಿಸಿತು. ವಾಕ್ಯದ ನಡುವೆ ನಿಲ್ಲಬಾರದಲ್ಲಿ ನಿಂತಳು. ಮೂರು ತಪ್ಪು ಬರೆದುಕೊಂಡೆ. ಆಮೇಲೆ ಅವಳು ಹೆದರಬೇಡಿ ಎಂದಳು, ನಾನು ನಿಮ್ಮ ಜೊತೆ ಇದ್ದೇನೆ ಎಂದಳು. ನಾನು ಅದನ್ನು ನಂಬಿದೆ. ನಲವತ್ತೆಂಟು ವರ್ಷದ ಹೆಂಗಸು, ಯಾವ ಕಾರ್ಖಾನೆಗೂ ಹೋಗದವಳು, ಹಾಸಿಗೆಯ ಅಂಚಿನಲ್ಲಿ ಕೂತು ನಂಬಿದೆ, ಪೆನ್ನು ಕೈಯಲ್ಲೇ ಉಳಿಯಿತು. ಅವಳನ್ನು ನಾನು ಇನ್ನೂ ಕ್ಷಮಿಸಿಲ್ಲ.